ಕಣದಿಂದ ಬಂಗಲೆಯವರೆಗೆ: ಒಂದು ಎಲೆಕ್ಟ್ರಿಕ್ ಗೋ-ಕಾರ್ಟ್‌ಗೆ ಕಂಟ್ರೋಲರ್ ಆರಿಸಿದ ಪ್ರಕರಣ

ಚಿಕ್ಕಮಗಳೂರಿನ ಆಲ್ದೂರು ಕಡೆಯ ಒಂದು ಕಾಫಿ ತೋಟದಲ್ಲಿ ಮನೆಯಲ್ಲೇ ಕಟ್ಟಿದ ಎಲೆಕ್ಟ್ರಿಕ್ ಗೋ-ಕಾರ್ಟ್ ಇದೆ. ಕಾಫಿ ಒಣಗಿಸುವ ಸಿಮೆಂಟ್ ಕಣದ ಮೇಲೆ ಅದು ಚೆನ್ನಾಗಿಯೇ ಓಡುತ್ತಿತ್ತು. ಕಣದಿಂದ ಬಂಗಲೆಗೆ ಹೋಗುವ ಏರಿನಲ್ಲಿ ಮಾತ್ರ ಉಸಿರುಗಟ್ಟುತ್ತಿತ್ತು. ಏರಿನ ಮಧ್ಯೆ ನಿಲ್ಲಿಸಿ ಮತ್ತೆ ಹೊರಡಿಸಿದರೆ ಗರ್ ಅಂತ ನಡುಗುವುದು, ಬ್ಯಾಟರಿಯಿಂದ ಮೋಟಾರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಕಂಟ್ರೋಲರ್ ಡಬ್ಬ ಕೈ ಇಡಲಾಗದಷ್ಟು ಸುಡುವುದು. ಕೊನೆಗೆ ಒಂದು ದಿನ ಅಲ್ಲೇ ಸುಟ್ಟುಹೋಯಿತು. ಮುಂದೆ ಯಾವ ಕಂಟ್ರೋಲರ್ ಹಾಕಬೇಕು ಅನ್ನುವ ಪ್ರಶ್ನೆ ನನ್ನ ಅಂಗಡಿಗೆ ಬಂತು.

ನಾನು ಪೇಟೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟವನು. ಪಂಪ್‌ಸೆಟ್, ಪಲ್ಪರ್ ಮೋಟಾರ್, ಮಿಕ್ಸಿ, ಈಚೆಗೆ ಎಲೆಕ್ಟ್ರಿಕ್ ಸ್ಕೂಟರ್ ಕೂಡ ಬರುತ್ತವೆ. ಗೋ-ಕಾರ್ಟ್ ಬಂದದ್ದು ಇದೇ ಮೊದಲು. ತೋಟದ ಗೌಡ್ರು ಹಳೇ ಗಿರಾಕಿ. ಕಾರ್ಟ್ ಕಟ್ಟಿದವನು ಅವರ ಮಗ, ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಕಾಫಿ ತೋಟಗಳೊಳಗೆ ನಡೆಯುವ ರ್‍ಯಾಲಿ ನೋಡಿಕೊಂಡೇ ಬೆಳೆದ ಹುಡುಗ. ಚಾಸಿಯನ್ನು ಅವನೇ ಪೈಪ್ ಬಗ್ಗಿಸಿ, ವೆಲ್ಡ್ ಮಾಡಿ ಕಟ್ಟಿದ್ದಾನೆ. ವೆಲ್ಡಿಂಗ್ ನೋಡಿ ನನಗೇ ಖುಷಿಯಾಯಿತು.

ಗೌಡ್ರ ಮಾತು ಸರಳ. "ಸುಟ್ಟದ್ದಕ್ಕಿಂತ ದೊಡ್ಡದು ಒಂದು ತರಿಸಿ ಹಾಕಿಬಿಡಿ ಮಾರಾಯ್ರೆ. ದುಡ್ಡಿನ ಮುಖ ನೋಡಬೇಡಿ."

ಹುಡುಗನ ಮೊಬೈಲಲ್ಲಿ ಆ 'ದೊಡ್ಡದು' ಆಗಲೇ ಆಯ್ಕೆಯಾಗಿ ಕೂತಿತ್ತು. 72 ವೋಲ್ಟ್, 3000 ವ್ಯಾಟ್. "ಇದನ್ನ ಆರ್ಡರ್ ಮಾಡಿಬಿಡಲಾ ಅಣ್ಣ?" ಅಂದ. ಮೊದಲು ಸುಟ್ಟದ್ದನ್ನು ಬಿಚ್ಚಿ ನೋಡೋಣ ಕಣಪ್ಪ, ಆಮೇಲೆ ಆರ್ಡರ್ ಅಂದೆ.

ಕೈಯಲ್ಲಿದ್ದ ಸಾಮಾನು

ಮೋಟಾರ್ ಇ-ರಿಕ್ಷಾದ್ದು. ಗುಜರಿಗೆ ಬಂದ ಗಾಡಿಯಿಂದ ಕಳಚಿದ ಬಿಎಲ್‌ಡಿಸಿ, ಅಂದರೆ ಬ್ರಷ್ ಇಲ್ಲದ ಡಿಸಿ ಮೋಟಾರ್. ಪ್ಲೇಟಿನ ಮೇಲೆ 48 ವೋಲ್ಟ್, 1000 ವ್ಯಾಟ್, 3000 ಆರ್‌ಪಿಎಮ್ ಎಂದಿತ್ತು. ಕಂಟ್ರೋಲರ್ ಕೂಡ ಅದೇ ಗಾಡಿಯದು. ಅದರ ಮೇಲೆ 48 ವೋಲ್ಟ್, 50 ಆಂಪ್ ಅಂತ ಸ್ಟಿಕ್ಕರ್. ಬ್ಯಾಟರಿ ಮಾತ್ರ ಹೊಸದು: 16 ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಸಾಲಾಗಿ ಜೋಡಿಸಿದ್ದು, 51.2 ವೋಲ್ಟ್, 40 ಆಂಪ್ ಅವರ್. ಪೂರ್ತಿ ಚಾರ್ಜ್ ಆದಾಗ 58.4 ವೋಲ್ಟ್ ಮುಟ್ಟುತ್ತದೆ. ಬ್ಯಾಟರಿ ಪಕ್ಕದಲ್ಲೇ 60 ಆಂಪ್ ಫ್ಯೂಸ್. ಮೋಟಾರಿನಲ್ಲಿ 11 ಹಲ್ಲಿನ ಸ್ಪ್ರಾಕೆಟ್, ಹಿಂದಿನ ಆ್ಯಕ್ಸಲ್‌ನಲ್ಲಿ 44 ಹಲ್ಲಿನದು, ಮಧ್ಯೆ ಬೈಕಿನ ಚೈನ್. ಹಿಂದಿನ ಚಕ್ರದ ವ್ಯಾಸ 28 ಸೆಂಟಿಮೀಟರ್.

ಕಾರ್ಟನ್ನು ಕಾಫಿ ಮೂಟೆ ತೂಗುವ ತಕ್ಕಡಿ ಮೇಲೆ ಇಟ್ಟೆವು. 98 ಕೆಜಿ. ಹುಡುಗ 72. ಒಟ್ಟು 170 ಕೆಜಿ.

ಸುಟ್ಟ ಡಬ್ಬದೊಳಗೆ

ಡಬ್ಬ ಬಿಚ್ಚಿದರೆ, ಮೋಟಾರಿಗೆ ಹೋಗುವ ಮೂರು ಫೇಸ್ ವೈರುಗಳಲ್ಲಿ ಒಂದರ ಮಾಸ್ಫೆಟ್‌ಗಳು, ಅಂದರೆ ಕರೆಂಟನ್ನು ಆನ್-ಆಫ್ ಮಾಡುವ ಬಿಡಿಭಾಗಗಳು, ಹೋಗಿದ್ದವು. ಕೆಪಾಸಿಟರ್ ಉಬ್ಬಿರಲಿಲ್ಲ. ಹಾಗಾಗಿ ವೋಲ್ಟೇಜ್ ಹೆಚ್ಚಾಗಿ ಸುಟ್ಟದ್ದಲ್ಲ ಅನ್ನಿಸಿತು. ನನಗೆ ಮುಖ್ಯವಾಗಿ ಕಂಡದ್ದು ಇನ್ನೊಂದು: 60 ಆಂಪ್ ಫ್ಯೂಸ್ ಹೋಗಿರಲಿಲ್ಲ, ಗಟ್ಟಿಯಾಗಿ ಇತ್ತು.

"ಫ್ಯೂಸ್ ಹೋಗಿಲ್ಲ ಅಂದ್ರೆ ಕರೆಂಟ್ ಜಾಸ್ತಿ ಆಗಿಲ್ಲ ಅಲ್ವಾ ಅಣ್ಣ? ಪೀಸೇ ಲೋಕಲ್ ಇರಬೇಕು" ಅಂದ ಹುಡುಗ.

ಪೀಸನ್ನು ದೂರುವುದು ಸುಲಭ. ಆದರೆ ಅದೇ ಕಂಟ್ರೋಲರ್ ರಿಕ್ಷಾದಲ್ಲಿ ಜನರನ್ನು ಕೂರಿಸಿಕೊಂಡು ಓಡಿದೆ. ಇಲ್ಲೇಕೆ ಸತ್ತಿತು?

ಬ್ಯಾಟರಿ ವೈರಿನಲ್ಲಿ ಹರಿಯುವ ಕರೆಂಟೇ ಬೇರೆ, ಮೋಟಾರಿನ ಫೇಸ್ ವೈರಿನಲ್ಲಿ ಹರಿಯುವ ಕರೆಂಟೇ ಬೇರೆ. ಕಂಟ್ರೋಲರ್ ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗುತ್ತಾ ಇರುತ್ತದೆ. ನಿಧಾನಕ್ಕೆ ಹೋಗುವಾಗ ಮೋಟಾರಿಗೆ ಸಿಗುವ ವೋಲ್ಟೇಜ್ ಕಮ್ಮಿ, ಆದರೆ ಆಂಪ್ ಜಾಸ್ತಿ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸಿ ಕರೆಂಟ್ ಏರಿಸುತ್ತದಲ್ಲ, ಲೆಕ್ಕದಲ್ಲಿ ಇದೂ ಹಾಗೆಯೇ. ಆಫ್ ಆದ ಗಳಿಗೆಯಲ್ಲೂ ಮೋಟಾರಿನ ಕರೆಂಟ್ ನಿಲ್ಲುವುದಿಲ್ಲ. ಬ್ಯಾಟರಿಯನ್ನು ಮುಟ್ಟದೆ ಮಾಸ್ಫೆಟ್ ಮೂಲಕವೇ ಸುತ್ತುತ್ತಿರುತ್ತದೆ. ಆ ಸುತ್ತು ಫ್ಯೂಸಿಗೆ ಕಾಣುವುದೇ ಇಲ್ಲ.

ಈ ಬಗೆಯ ಅಗ್ಗದ ಕಂಟ್ರೋಲರ್‌ಗಳಲ್ಲಿ ಹೆಚ್ಚಿನವು ಕರೆಂಟ್ ಅಳೆಯುವುದು ಬ್ಯಾಟರಿ ಬದಿಯ ಶಂಟ್‌ನಲ್ಲಿ. ದಪ್ಪ ತಂತಿಯ ಒಂದು ತುಂಡು, ಅಷ್ಟೇ. ಸ್ಟಿಕ್ಕರ್ ಮೇಲಿನ 50 ಆಂಪ್ ಅಂದರೆ ಬ್ಯಾಟರಿಯ ಸರಾಸರಿ ಆಂಪ್. ಫೇಸ್‌ನಲ್ಲಿ ಎಷ್ಟು ಹರಿಯುತ್ತಿದೆ ಅಂತ ಆ ಡಬ್ಬಕ್ಕೆ ಸರಿಯಾಗಿ ಗೊತ್ತೇ ಇರುವುದಿಲ್ಲ.

ಏರಿನ ಲೆಕ್ಕ

ಕಂಟ್ರೋಲರ್ ಆರಿಸುವಾಗ ಎಲ್ಲರೂ ಟಾಪ್ ಸ್ಪೀಡ್‌ನಿಂದ ಶುರು ಮಾಡುತ್ತಾರೆ. ನಾನು ಆ ಏರಿನಿಂದಲೇ ಶುರು ಮಾಡಿದೆ. ಕಂಟ್ರೋಲರ್‌ಗೆ ಕಷ್ಟ ಬರುವುದು ಓಡುವಾಗಲ್ಲ, ಏರಿನಲ್ಲಿ ನಿಂತಲ್ಲಿಂದ ಹೊರಡುವಾಗ.

ರಸಮಟ್ಟ, ಒಂದು ಉದ್ದ ರೀಪರ್ ಹಿಡಿದು ಏರನ್ನು ಅಳೆದೆವು. ಕಡಿದಾದ ಕಡೆ 8 ಅಡಿಗೆ 1 ಅಡಿ. ಅಂಥ ಏರು ಸುಮಾರು 120 ಮೀಟರ್ ಉದ್ದ, ಅಂದರೆ 15 ಮೀಟರ್ ಎತ್ತರ. ತೋಟದ ರೈಟರ್ ಬಂದು, ರಸ್ತೆಗೆ ಕಾಂಕ್ರೀಟ್ ಹಾಕ್ತೀರಾ ಅಂತ ಕೇಳಿ ಹೋದರು.

170 ಕೆಜಿಯನ್ನು ಆ ಏರಿನಲ್ಲಿ ಜಾರದಂತೆ ಹಿಡಿಯಲು ಸುಮಾರು 207 ನ್ಯೂಟನ್ ಬಲ ಬೇಕು. ಟೈರು ಉರುಳುವ ತಡೆಗೆ ಇನ್ನೊಂದು 33. ಒಟ್ಟು 240. ಚಕ್ರದ ತ್ರಿಜ್ಯ 0.14 ಮೀಟರ್, ಹಾಗಾಗಿ ಆ್ಯಕ್ಸಲ್‌ನಲ್ಲಿ ಸುಮಾರು 34 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಸ್ಪ್ರಾಕೆಟ್ ಅನುಪಾತ 4, ಚೈನಿನಲ್ಲಿ ಹತ್ತು ಪರ್ಸೆಂಟ್ ಹೋಗುತ್ತದೆ ಅಂದುಕೊಂಡರೆ ಮೋಟಾರ್ ಕೊಡಬೇಕಾದ್ದು 9.3 ನ್ಯೂಟನ್ ಮೀಟರ್. ಇದು ಒಂದೇ ವೇಗದಲ್ಲಿ ಹತ್ತುತ್ತಾ ಹೋಗಲು.

ಪ್ಲೇಟಿನ ಪ್ರಕಾರ 1000 ವ್ಯಾಟ್, 3000 ಆರ್‌ಪಿಎಮ್ ಅಂದರೆ ಮೋಟಾರಿನ ರೇಟೆಡ್ ಟಾರ್ಕ್ 3.2 ನ್ಯೂಟನ್ ಮೀಟರ್. ನಾವು ಕೇಳುತ್ತಿದ್ದದ್ದು ಅದರ ಸುಮಾರು ಮೂರು ಪಟ್ಟು. ರಿಕ್ಷಾದಲ್ಲಿ ಈ ಕಷ್ಟ ಇರಲಿಲ್ಲ. ಅಲ್ಲಿ ಡಿಫರೆನ್ಷಿಯಲ್ ಒಳಗಿನ ಗೇರು ಮೋಟಾರಿನ ಕೆಲಸವನ್ನು ಬಹಳ ಹಗುರ ಮಾಡುತ್ತದೆ. ಹುಡುಗ ಗಾಡಿಯಿಂದ ಮೋಟಾರನ್ನು ಕಳಚಿ ತಂದ, ಗೇರನ್ನು ಗುಜರಿಯಲ್ಲೇ ಬಿಟ್ಟು ಬಂದ.

ಇನ್ನು ಟಾರ್ಕಿಗೆ ಎಷ್ಟು ಆಂಪ್ ಬೇಕು? ಇದು ಪ್ಲೇಟಿನ ಮೇಲೆ ಇರುವುದಿಲ್ಲ, ಅಳೆಯಬೇಕು. ಮೋಟಾರನ್ನು ಲೇತ್‌ಗೆ ಕಟ್ಟಿ 1000 ಆರ್‌ಪಿಎಮ್‌ನಲ್ಲಿ ತಿರುಗಿಸಿ, ಎರಡು ಫೇಸ್ ವೈರುಗಳ ನಡುವೆ ಮೀಟರ್ ಇಟ್ಟೆ. ಸುಮಾರು 10.5 ವೋಲ್ಟ್ ಎಸಿ ಬಂತು. ಅದರ ಶಿಖರ 15 ವೋಲ್ಟ್. 1000 ಸುತ್ತಿಗೆ 15 ವೋಲ್ಟ್ ಅಂದರೆ 48 ವೋಲ್ಟಿಗೆ 3200 ಸುತ್ತು, ಪ್ಲೇಟಿಗೆ ಹೊಂದಿಕೆಯಾಯಿತು. ಇದೇ ಅಂಕಿಯನ್ನು ಇನ್ನೊಂದು ಕಡೆಯಿಂದ ನೋಡಿದರೆ ಒಂದು ಆಂಪಿಗೆ 0.14 ನ್ಯೂಟನ್ ಮೀಟರ್ ಸಿಗುತ್ತದೆ. ಹಳೇ ಮೋಟಾರ್ ಕೊಳ್ಳುವವರು ಈ ಒಂದು ಅಳತೆ ಮಾಡಿಸಿಕೊಂಡರೆ ಸಾಕು, ಕಂಟ್ರೋಲರ್ ವಿಷಯದಲ್ಲಿ ಅರ್ಧ ಗೊಂದಲ ಮುಗಿಯುತ್ತದೆ. ಲೇತ್ ಇಲ್ಲದಿದ್ದರೆ ಡ್ರಿಲ್ ಮೆಷಿನ್ ಕೂಡ ಆಗುತ್ತದೆ, ಸುತ್ತು ಎಷ್ಟು ಅಂತ ಗೊತ್ತಿರಬೇಕು ಅಷ್ಟೇ.

9.3 ನ್ಯೂಟನ್ ಮೀಟರಿಗೆ ಸುಮಾರು 65 ಆಂಪ್. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹತ್ತುವಾಗ ಮೋಟಾರಿಗೆ ಹೋಗುವುದು 15 ವೋಲ್ಟ್, 65 ಆಂಪ್. ಅದೇ ಹೊತ್ತಿನಲ್ಲಿ ಬ್ಯಾಟರಿಯಿಂದ ಹೊರಡುವುದು 51 ವೋಲ್ಟ್, 19 ಆಂಪ್. ಮಧ್ಯೆ ನಿಲ್ಲಿಸಿ ಹೊರಟರೆ ಇನ್ನೂ ಕೆಟ್ಟದು. ಸ್ವಲ್ಪ ಮುಂದೆ ನುಗ್ಗಲು ಬೇಕಾದ ಬಲವನ್ನೂ ಸೇರಿಸಿದರೆ 90 ಆಂಪ್. ಚಕ್ರ ಇನ್ನೂ ತಿರುಗದ ಆ ಕ್ಷಣದಲ್ಲಿ ಬ್ಯಾಟರಿ ಮೀಟರ್ ತೋರಿಸುವುದು ಸುಮಾರು 8 ಆಂಪ್! ಹುಡುಗ ಡ್ಯಾಶ್‌ಬೋರ್ಡಿನಲ್ಲಿ ಒಂದು ಆಂಪ್ ಮೀಟರ್ ಹಾಕಿಕೊಂಡಿದ್ದ. ಡಬ್ಬ ಸುಡುತ್ತಿದ್ದಾಗ ಅದು ಎಲ್ಲ ಸರಿಯಿದೆ ಅಂತಲೇ ಹೇಳುತ್ತಿತ್ತು.

ಲೆಕ್ಕವನ್ನು ಪರೀಕ್ಷಿಸಲು ಅಂಥದೇ ಇನ್ನೊಂದು ರಿಕ್ಷಾ ಕಂಟ್ರೋಲರ್ ಹಾಕಿ, ಕ್ಲ್ಯಾಂಪ್ ಮೀಟರ್ ಹಿಡಿದು ಏರಿಗೆ ಹೋದೆವು. ಬ್ಯಾಟರಿ ವೈರಿನಲ್ಲಿ 20ರ ಆಸುಪಾಸು, ಫೇಸ್ ವೈರಿನಲ್ಲಿ 60ರ ಮೇಲೆ. ಸಾಕಷ್ಟು ಹತ್ತಿರ.

ಮೊದಲು ಸ್ಪ್ರಾಕೆಟ್

ಇಲ್ಲಿಗೆ ಬಂದ ಮೇಲೆ ನನಗೆ ಅನ್ನಿಸಿದ್ದು, ಕಂಟ್ರೋಲರ್ ಪ್ರಶ್ನೆಗೆ ಮೊದಲ ಉತ್ತರ ಸ್ಪ್ರಾಕೆಟ್‌ನಲ್ಲಿದೆ ಅಂತ. ಆ್ಯಕ್ಸಲ್‌ಗೆ 44ರ ಬದಲು 55 ಹಲ್ಲು ಹಾಕಿದರೆ ಅನುಪಾತ 5 ಆಗುತ್ತದೆ. ಏರಿಗೆ 65 ಆಂಪ್ ಬದಲು 53 ಸಾಕು. ವೈಂಡಿಂಗಿನ ಬಿಸಿ ಆಂಪಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಬಿಸಿ ಮೂರನೇ ಒಂದು ಪಾಲು ಇಳಿಯುತ್ತದೆ. ನಿಂತು ಹೊರಡಲು 90 ಬದಲು 72. ಕಳೆದುಕೊಳ್ಳುವುದು ಟಾಪ್ ಸ್ಪೀಡ್: ಗಂಟೆಗೆ 40 ಕಿಲೋಮೀಟರ್ ಇದ್ದದ್ದು 32 ಆಗುತ್ತದೆ.

ಹುಡುಗನ ಮುಖ ಬಾಡಿತು. ಗೌಡ್ರಿಗೆ ಮಾತ್ರ ಬಹಳ ಖುಷಿ. "32 ಕೂಡ ಜಾಸ್ತಿನೇ ಆಯ್ತು" ಅಂದರು. ನೆಲಕ್ಕೆ ಅಂಟಿದ ಹಾಗೆ ಕೂತು, ಕಣದ ಮೇಲೆ 32ರಲ್ಲಿ ಹೋದರೆ ಎಷ್ಟು ಜೋರು ಅನ್ನಿಸುತ್ತದೆ ಅಂತ ಕೂತವರಿಗೇ ಗೊತ್ತು.

ಹಾಗಾದರೆ ಅನುಪಾತ 6ಕ್ಕೇ ಹೋಗಬಹುದಲ್ಲ ಅಂದರೆ, ಆಗುವುದಿಲ್ಲ. ಈ ಚೈನಿಗೆ 66 ಹಲ್ಲಿನ ಸ್ಪ್ರಾಕೆಟ್ ಸುಮಾರು 27 ಸೆಂಟಿಮೀಟರ್ ಅಗಲ ಬರುತ್ತದೆ. ಚಕ್ರವೇ 28. ಕಣದ ಮೇಲೆ ಒಂದು ಕಲ್ಲು ಸಿಕ್ಕರೆ ಚೈನ್ ಹೋಯಿತು. ಮೋಟಾರ್ ಬದಿ 11ಕ್ಕಿಂತ ಕಮ್ಮಿ ಹಲ್ಲು ಹಾಕಿದರೆ ಚೈನ್ ಬೇಗ ಸವೆಯುತ್ತದೆ. ಹಾಗಾಗಿ 55ಕ್ಕೆ ನಿಂತೆವು.

72 ವೋಲ್ಟ್ ಯಾಕೆ ಬೇಡ

ಹುಡುಗ ಆರಿಸಿದ್ದ ದೊಡ್ಡ ಡಬ್ಬದ ವಿಷಯಕ್ಕೆ ಬರುತ್ತೇನೆ. ವೋಲ್ಟೇಜ್ ಹೆಚ್ಚಿಸಿದರೆ ವೇಗ ಹೆಚ್ಚುತ್ತದೆ. ಏರು ಹತ್ತುವ ಬಲ ಬರುವುದು ಫೇಸ್ ಆಂಪಿನಿಂದ. ಅದೇ ಮೋಟಾರ್, ಅದೇ ಆಂಪ್ ಇದ್ದರೆ 48 ಆದರೂ 72 ಆದರೂ ನಿಂತಲ್ಲಿ ಸಿಗುವ ಟಾರ್ಕ್ ಒಂದೇ. ನಮ್ಮ ಕಷ್ಟ ಇದ್ದದ್ದು ನಿಂತಲ್ಲಿ.

ಇನ್ನೊಂದು, ನೋಡಲು ಸಣ್ಣದು, ಆದರೆ ದೊಡ್ಡ ಅಡ್ಡಿ. 72 ವೋಲ್ಟಿಗೆ ಮಾತ್ರ ಅಂತ ಮಾಡಿದ ಕಂಟ್ರೋಲರ್‌ಗಳು ಸಾಮಾನ್ಯವಾಗಿ 60 ದಾಟಿದ ಒಂದು ಮಟ್ಟಕ್ಕಿಂತ ಕೆಳಗೆ ಬ್ಯಾಟರಿ ಖಾಲಿ ಅಂತ ಆಫ್ ಆಗುತ್ತವೆ. ನಮ್ಮ ಬ್ಯಾಟರಿ ತುಂಬಿ ತುಳುಕಿದರೂ 58.4. ಡಬ್ಬ ಕೀ ತಿರುಗಿಸಿದರೂ ಏಳುತ್ತಿರಲಿಲ್ಲ. ಬ್ಯಾಟರಿಯನ್ನೂ ಬದಲಾಯಿಸಬೇಕು. ಆಗ ಮೋಟಾರ್ ಒಂದೂವರೆ ಪಟ್ಟು ವೇಗವಾಗಿ ತಿರುಗುತ್ತದೆ. ಹಳೇ ಮೋಟಾರಿನ ಬೇರಿಂಗು, ರೋಟರಿಗೆ ಅಂಟಿಸಿದ ಮ್ಯಾಗ್ನೆಟ್ಟು ತಡೆಯಬೇಕು. 3000 ವ್ಯಾಟ್ ಅಂತ ಡಬ್ಬದ ಮೇಲೆ ಬರೆದ ಮಾತ್ರಕ್ಕೆ 1000 ವ್ಯಾಟಿನ ತಾಮ್ರ ದಪ್ಪ ಆಗುವುದಿಲ್ಲ. ಸುಟ್ಟ ಎನಾಮೆಲ್ ವಾಸನೆ ನನಗೆ ಅನ್ನ ಕೊಡುವ ವಾಸನೆ, ನಿಜ. ಆದರೂ ಗೊತ್ತಿದ್ದೂ ಸುಡಿಸಲು ಮನಸ್ಸು ಬರಲಿಲ್ಲ.

ಉಳಿದ ದಾರಿಗಳು

ಬೇಕಾದ್ದು ಈಗ ಸ್ಪಷ್ಟ. 58.4 ವೋಲ್ಟಿನ ಮೇಲೆ ಸಾಕಷ್ಟು ಅಂತರ ಇರಬೇಕು. ನಿಂತಲ್ಲಿ 80 ಆಂಪ್ ಫೇಸ್ ಕರೆಂಟ್ ಕೊಡಬೇಕು, ಆದರೆ ಅದಕ್ಕಿಂತ ಮೇಲೆ ಬಿಡಬಾರದು. ಅಂದರೆ ಫೇಸ್ ಕರೆಂಟನ್ನೇ ಅಳೆಯುವ ಡಬ್ಬ ಆಗಬೇಕು.

ಅದೇ ರಿಕ್ಷಾ ಕಂಟ್ರೋಲರನ್ನೇ ಹೊಸ ಸ್ಪ್ರಾಕೆಟ್ ಜೊತೆ ಇಟ್ಟುಕೊಳ್ಳುವುದು ಅಗ್ಗದ ದಾರಿ. ಬಹುಶಃ ಹತ್ತುತ್ತಲೂ ಇತ್ತು. ಆದರೆ ಅದು ಮೋಟಾರನ್ನು ಆರು ಹೆಜ್ಜೆಯಲ್ಲಿ ತಳ್ಳುವ ಹಳೇ ಶೈಲಿಯದು. ಯಾವ ಗಳಿಗೆಯಲ್ಲೂ ಮೂರು ಫೇಸ್‌ಗಳಲ್ಲಿ ಎರಡರಲ್ಲಿ ಮಾತ್ರ ಕರೆಂಟ್. ಒಂದು ಜೋಡಿಯಿಂದ ಇನ್ನೊಂದಕ್ಕೆ ಹಾರುವಾಗ ಟಾರ್ಕ್ ಏರಿಳಿಯುತ್ತದೆ. ಗರ್ ಅನ್ನುವ ಸದ್ದು ಅದೇ. ರಿಕ್ಷಾದಲ್ಲಿ ಗೇರು, ಸ್ಪ್ರಿಂಗು ಅದನ್ನು ನುಂಗಿಕೊಳ್ಳುತ್ತವೆ. ಕಾರ್ಟಿನಲ್ಲಿ ಸಸ್ಪೆನ್ಷನ್ನೇ ಇಲ್ಲ. ಜರ್ಕ್ ನೇರವಾಗಿ ಚೈನಿಗೂ ಸೊಂಟಕ್ಕೂ ಹೋಗುತ್ತದೆ.

ಹುಡುಗ ವೆಸ್ಕ್ ಬಗ್ಗೆ ಬಹಳ ಓದಿಕೊಂಡಿದ್ದ. ಸ್ವೀಡನ್ನಿನ ಬೆಂಜಮಿನ್ ವೆಡರ್ ಶುರು ಮಾಡಿದ ಓಪನ್ ಸೋರ್ಸ್ ಕಂಟ್ರೋಲರ್ ಅದು. ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡ್ ಮಾಡುವವರಿಗೆ ಅಚ್ಚುಮೆಚ್ಚು. ಫೇಸ್ ಕರೆಂಟ್ ಅಳೆಯುತ್ತದೆ, ಮೋಟಾರಿನ ರೆಸಿಸ್ಟೆನ್ಸನ್ನು ತಾನೇ ಪತ್ತೆ ಮಾಡಿಕೊಳ್ಳುತ್ತದೆ, ಮೊಬೈಲಿನಲ್ಲಿ ಗ್ರಾಫ್ ಬರುತ್ತದೆ. ತಾಂತ್ರಿಕವಾಗಿ ನನಗೆ ತಕರಾರಿಲ್ಲ. 75 ವೋಲ್ಟಿನ ಬೋರ್ಡು ನಮ್ಮ ಬ್ಯಾಟರಿಗೆ ಸರಿಹೋಗುತ್ತದೆ. ನನಗೆ ಒಪ್ಪಿಗೆ ಆಗದ್ದು ಬೇರೆ ಕಾರಣಕ್ಕೆ. ಹುಡುಗ ಹಾಸನದಲ್ಲಿ ಇರುತ್ತಾನೆ. ಇಲ್ಲಿ ಕಾರ್ಟ್ ಓಡಿಸುವವರು ಅವನ ತಂಗಿ, ರಜೆಗೆ ಬರುವ ನೆಂಟರ ಮಕ್ಕಳು. ಏನಾದರೂ ಕೆಟ್ಟರೆ ನೋಡುವವನು ನಾನು. ಮಲೆನಾಡಿನ ಮಳೆಗೆ ಆ ಬೋರ್ಡಿಗೆ ಬೇರೆ ಡಬ್ಬ ಕಟ್ಟಬೇಕು. ಮಾರುಕಟ್ಟೆಯಲ್ಲಿ ನಕಲು ಬೋರ್ಡುಗಳೂ ಬೇಕಾದಷ್ಟಿವೆ. ಅವನೇ ದಿನಾ ಓಡಿಸುವ ಗಾಡಿ ಆಗಿದ್ದರೆ ನಾನು ಅದನ್ನೇ ಹಾಕಿಸುತ್ತಿದ್ದೆ.

ಬ್ರಷ್ ಇರುವ ಡಿಸಿ ಮೋಟಾರ್, ಅದಕ್ಕೆ ಸರಳ ಕಂಟ್ರೋಲರ್ ಅನ್ನುವ ಸಲಹೆಯೂ ಒಬ್ಬರಿಂದ ಬಂತು. ಎರಡೇ ವೈರು, ಮೋಟಾರ್ ಎಷ್ಟು ತಿರುಗಿ ನಿಂತಿದೆ ಅಂತ ಹೇಳುವ ಹಾಲ್ ಸೆನ್ಸರ್ ಗೋಜಿಲ್ಲ. ಮಕ್ಕಳು ಕೂರುವ ಗಾಡಿಗೆ ನಾನು ಹೇಳುವುದಿಲ್ಲ. ಅದರಲ್ಲಿ ಮಾಸ್ಫೆಟ್ ಶಾರ್ಟ್ ಆದರೆ ಬ್ಯಾಟರಿ ನೇರವಾಗಿ ಮೋಟಾರಿಗೆ ಸೇರುತ್ತದೆ, ಗಾಡಿ ಪೂರ್ತಿ ವೇಗದಲ್ಲಿ ನುಗ್ಗುತ್ತದೆ. ಬಿಎಲ್‌ಡಿಸಿಯಲ್ಲಿ ಮಾಸ್ಫೆಟ್ ಶಾರ್ಟ್ ಆದರೆ ಮೋಟಾರ್ ತಾನಾಗಿ ತಿರುಗುತ್ತಾ ಹೋಗಲಾರದು. ಒಂದೊಂದಾಗಿ ಫೇಸ್ ಬದಲಾಯಿಸುವವರು ಬೇಕಲ್ಲ. ಬದಲಿಗೆ ಬ್ರೇಕ್ ಹಿಡಿದಂತೆ ಬಿಗಿಯುತ್ತದೆ. ಮೊದಲ ಡಬ್ಬ ಸುಟ್ಟಾಗ ಕಾರ್ಟನ್ನು ತಳ್ಳಲು ಇಬ್ಬರು ಬೇಕಾಯಿತಂತೆ. ಫೇಸ್ ವೈರುಗಳನ್ನು ಬಿಚ್ಚಿದ ಮೇಲೆ ಚಕ್ರ ಹಗುರಾಯಿತು. ಫೋರ್ಕ್‌ಲಿಫ್ಟು, ಗಾಲ್ಫ್ ಕಾರ್ಟುಗಳಲ್ಲಿ ಬ್ರಷ್ ಮೋಟಾರ್ ಬಹಳ ಕಾಲದಿಂದ ಇದೆ, ಆದರೆ ಅಲ್ಲಿ ಬ್ಯಾಟರಿ ಲೈನನ್ನೇ ಕಡಿಯುವ ಸರಿಯಾದ ಕಾಂಟ್ಯಾಕ್ಟರ್, ಅದನ್ನು ಕಾಯುವ ವ್ಯವಸ್ಥೆ ಎಲ್ಲ ಇರುತ್ತದೆ.

ಕೊನೆಗೆ ಉಳಿದದ್ದು ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಹಾಕುವ ಸೈನ್ ವೇವ್ ಕಂಟ್ರೋಲರ್. ಇದು ಆರು ಹೆಜ್ಜೆಯ ಬದಲು ಮೂರು ಫೇಸಿಗೂ ಅಲೆಯಂತೆ ನಯವಾಗಿ ಕರೆಂಟ್ ಕೊಡುತ್ತದೆ. 48ರಿಂದ 72 ವೋಲ್ಟ್‌ವರೆಗೆ ಯಾವುದಕ್ಕೆ ಬೇಕೋ ಅದಕ್ಕೆ ಸೆಟ್ ಮಾಡಬಹುದು. ಬ್ಯಾಟರಿ ಆಂಪ್, ಫೇಸ್ ಆಂಪ್ ಎರಡಕ್ಕೂ ಬೇರೆ ಬೇರೆ ಮಿತಿ. ಮೂರು ಸ್ಪೀಡ್ ಮೋಡ್, ರಿವರ್ಸ್. ಅಲ್ಯೂಮಿನಿಯಂ ಡಬ್ಬ, ಒಳಗೆ ರಾಳ ತುಂಬಿ ಸೀಲ್ ಮಾಡಿದ್ದು. ರಿಕ್ಷಾದ್ದಕ್ಕಿಂತ ದುಬಾರಿ, ವೆಸ್ಕ್‌ಗಿಂತ ಕಮ್ಮಿ. ಕೆಟ್ಟರೆ ಸ್ಕೂಟರ್ ಸರ್ವಿಸ್ ಮಾಡುವವರ ಹತ್ತಿರ ಇನ್ನೊಂದು ಸಿಗುತ್ತದೆ.

ಕಪ್ಪು ವೈರಿನ ಪರೀಕ್ಷೆ

ಕೊಳ್ಳುವ ಮೊದಲು ಒಂದು ಷರತ್ತು ಹಾಕಿದ್ದೆ: ಪರೀಕ್ಷೆಯಲ್ಲಿ ಫೇಲಾದರೆ ವಾಪಸ್.

ಆಕ್ಸಿಲರೇಟರ್ ಪೆಡಲ್‌ನಲ್ಲಿ ಎಷ್ಟು ಒತ್ತಿದೆ ಅಂತ ಹೇಳಲು ಇನ್ನೊಂದು ಹಾಲ್ ಸೆನ್ಸರ್ ಇರುತ್ತದೆ. ಅದಕ್ಕೆ ಮೂರು ವೈರು: ಕೆಂಪು 5 ವೋಲ್ಟ್, ಕಪ್ಪು ನೆಗೆಟಿವ್, ಇನ್ನೊಂದು ಸಿಗ್ನಲ್. ಕಾಲು ತೆಗೆದಾಗ ಸಿಗ್ನಲ್ ಸುಮಾರು 0.8 ವೋಲ್ಟ್, ಪೂರ್ತಿ ಒತ್ತಿದಾಗ 4ರ ಆಸುಪಾಸು. ಈಗ ಆ ಕಪ್ಪು ವೈರ್ ತುಂಡಾಯಿತು ಅಂದುಕೊಳ್ಳಿ. ಸಿಗ್ನಲ್ 5 ವೋಲ್ಟಿನ ಕಡೆ ಹಾರುತ್ತದೆ. ಕಂಟ್ರೋಲರ್‌ಗೆ ಬುದ್ಧಿ ಇಲ್ಲದಿದ್ದರೆ ಅದನ್ನು ಪೂರ್ತಿ ಒತ್ತಿದ ಪೆಡಲ್ ಅಂತಲೇ ತಿಳಿಯುತ್ತದೆ. ಪೆಡಲ್ ವೈರು ಕಾರ್ಟಿನಲ್ಲಿ ಕಾಲ ಬುಡದಲ್ಲೇ ಹಾಯುತ್ತದೆ. ಸ್ಟೋರಿನ ಇಲಿಗಳ ಕಾಟ ಬೇರೆ.

ಹಿಂದಿನ ಚಕ್ರಗಳನ್ನು ಜಾಕ್ ಹಾಕಿ ಎತ್ತಿದೆವು. ಮೊದಲು ರಿಕ್ಷಾ ಕಂಟ್ರೋಲರ್. ಕಪ್ಪು ವೈರ್ ಎಳೆದ ಕೂಡಲೇ ಚಕ್ರಗಳು ಪೂರ್ತಿ ವೇಗದಲ್ಲಿ ತಿರುಗಿದವು. ಗೌಡ್ರು ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ಹೊಸದು. ವೈರ್ ಎಳೆದರೆ ಬೀಪ್ ಬೀಪ್ ಅಂದು ಸುಮ್ಮನಾಯಿತು. ಕೆಂಪು ಎಳೆದರೂ ಸುಮ್ಮನೆ. ಪೆಡಲ್ ಒತ್ತಿಕೊಂಡೇ ಕೀ ಆನ್ ಮಾಡಿದರೂ ಕದಲಲಿಲ್ಲ. ಕಾಲು ತೆಗೆದು ಮತ್ತೆ ಒತ್ತಿದ ಮೇಲೇ ಹೊರಟಿತು.

ನನ್ನ ಮಟ್ಟಿಗೆ ಆಯ್ಕೆ ಅಲ್ಲಿಗೆ ಮುಗಿಯಿತು. ಹಾಗಂತ ಸ್ಕೂಟರ್ ಕಂಟ್ರೋಲರ್‌ಗಳೆಲ್ಲ ಪಾಸಾಗುತ್ತವೆ ಅಂತಲ್ಲ. ನೀವು ಕೊಳ್ಳುವುದನ್ನು ನೀವೇ ಜಾಕ್ ಮೇಲೆ ಎಳೆದು ನೋಡಬೇಕು.

ಕೂರಿಸಿದ ಬಗೆ

ಮೂರು ಫೇಸ್ ವೈರು, ಮೂರು ಹಾಲ್ ವೈರು. ಜೋಡಿಸುವ ಬಗೆ ಒಟ್ಟು 36. ಹೆಚ್ಚಿನವು ತಪ್ಪು. ಕೆಲವು ತಪ್ಪುಗಳಲ್ಲಿ ಮೋಟಾರ್ ತಿರುಗುತ್ತದೆ, ಆದರೆ ಕಿರುಚುತ್ತಾ, ಖಾಲಿ ಓಡುವಾಗಲೇ ಬೇಕಾಬಿಟ್ಟಿ ಆಂಪ್ ಎಳೆಯುತ್ತಾ. ಹೊಸ ಕಂಟ್ರೋಲರ್‌ನಲ್ಲಿ ತಾನೇ ಕಲಿಯುವ ವ್ಯವಸ್ಥೆ ಇತ್ತು. ಚಕ್ರ ಎತ್ತಿ ಹಿಡಿದು ಆ ವೈರ್ ಜೋಡಿಸಿದರೆ ಸರಿಯಾದ ಜೋಡಿ ಅದೇ ಹುಡುಕಿಕೊಂಡಿತು. ಅದಕ್ಕೂ ಮೊದಲು ಹಾಲ್ ಸೆನ್ಸರ್ ಮೂರೂ ಬದುಕಿವೆಯಾ ಅಂತ ನೋಡಿಕೊಂಡೆ. ಕೈಯಲ್ಲಿ ಮೋಟಾರ್ ತಿರುಗಿಸಿದಾಗ ಪ್ರತಿ ವೈರಿನಲ್ಲೂ ವೋಲ್ಟೇಜ್ ಏರಬೇಕು, ಇಳಿಯಬೇಕು.

ಮೇನ್ ಲೈನಿನಲ್ಲಿ ಕಾಂಟ್ಯಾಕ್ಟರ್ ಹಾಕಿದೆ. ಅದರ ಕಾಯಿಲ್ ಲೈನಿನಲ್ಲಿ ಕೆಂಪು ಅಣಬೆಯಂಥ ಸ್ಟಾಪ್ ಬಟನ್, ಸೀಟಿನ ಹಿಂದೆ, ಓಡಿಸುವವರಿಗೂ ಪಕ್ಕದಲ್ಲಿ ನಿಂತವರಿಗೂ ಕೈ ಎಟುಕುವ ಹಾಗೆ. ಕೀ ಬರೀ ಕಂಟ್ರೋಲರಿನ ತಲೆಯನ್ನು ಆಫ್ ಮಾಡುತ್ತದೆ. ಬ್ಯಾಟರಿಯನ್ನು ಬಿಡಿಸುವುದು ಕಾಂಟ್ಯಾಕ್ಟರ್. ಅದರ ಎರಡು ತುದಿಗೆ 100 ಓಮ್‌ನ ರೆಸಿಸ್ಟರ್ ಸ್ವಿಚ್ ಮೂಲಕ ಕೊಟ್ಟಿದ್ದೇನೆ. ಕಾಂಟ್ಯಾಕ್ಟರ್ ಕೂರುವ ಮೊದಲು ಒಂದೆರಡು ಸೆಕೆಂಡ್ ಅದನ್ನು ಒತ್ತಿ ಹಿಡಿದರೆ ಕಂಟ್ರೋಲರ್ ಒಳಗಿನ ಕೆಪಾಸಿಟರ್‌ಗಳು ಮೆಲ್ಲಗೆ ತುಂಬುತ್ತವೆ. ಇಲ್ಲದಿದ್ದರೆ ಪ್ರತಿ ಸಲವೂ ಚಟ್ ಅಂತ ಕಿಡಿ, ಕಾಂಟ್ಯಾಕ್ಟರಿನ ಬಾಯಿ ಸುಟ್ಟು ಅಂಟಿಕೊಳ್ಳುತ್ತದೆ. ಅಂಟಿಕೊಂಡ ಕಾಂಟ್ಯಾಕ್ಟರ್ ಇದ್ದರೆ ಸ್ಟಾಪ್ ಬಟನ್ ಒತ್ತಿ ಏನು ಪ್ರಯೋಜನ?

ಹುಡುಗ ಮೊದಲು ಮನೆಯ ಎಂಸಿಬಿಯನ್ನೇ ಸ್ವಿಚ್ ಆಗಿ ಹಾಕಿದ್ದ. ಬಹಳ ಜನ ಹೀಗೆ ಮಾಡುತ್ತಾರೆ, ಸೋಲಾರ್ ಹಾಕುವವರೂ. ಮನೆಯ ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗುತ್ತದೆ, ಹಾಗಾಗಿ ಒಳಗಿನ ಕಿಡಿ ತಾನೇ ಆರುತ್ತದೆ. ಡಿಸಿಗೆ ಆ ಸೊನ್ನೆ ಇಲ್ಲ. ಕಿಡಿ ಉರಿಯುತ್ತಲೇ ಇರಬಹುದು. ಅದನ್ನು ತೆಗೆದು ಡಿಸಿಗೆ ಮಾಡಿದ ಫ್ಯೂಸ್ ಹಾಕಿದೆ.

ಡಬ್ಬವನ್ನು ಸೀಟಿನ ಹಿಂದೆ ದಪ್ಪ ಅಲ್ಯೂಮಿನಿಯಂ ತಗಡಿಗೆ ಥರ್ಮಲ್ ಪೇಸ್ಟ್ ಹಚ್ಚಿ ಬಿಗಿದೆವು. ವೈರುಗಳು ಕೆಳಮುಖ, ಹನಿ ನೀರು ಡಬ್ಬದೊಳಗೆ ಇಳಿಯದಂತೆ. ಹಾಲ್ ಕನೆಕ್ಟರಿಗೆ ಗ್ರೀಸ್ ತುಂಬಿದ್ದೇವೆ. ಬಿಎಲ್‌ಡಿಸಿ ಗಾಡಿ ಮಳೆಗಾಲದಲ್ಲಿ ಜರ್ಕ್ ಹೊಡೆದರೆ ನಾನು ಮೊದಲು ನೋಡುವುದು ಅಲ್ಲೇ.

ಸೆಟ್ಟಿಂಗ್: ಬ್ಯಾಟರಿ 35 ಆಂಪ್, ಫೇಸ್ 80 ಆಂಪ್. ಲೆಕ್ಕದ ಪ್ರಕಾರ 80 ಆಂಪಿಗೆ ಚಕ್ರದಲ್ಲಿ ಸುಮಾರು 365 ನ್ಯೂಟನ್ ಸಿಗಬೇಕು. ಏರಿಗೆ 240 ಸಾಕು. ಮಧ್ಯದಲ್ಲಿ ನಿಲ್ಲಿಸಿ ಹೊರಡಿಸಿದರೆ ಸದ್ದಿಲ್ಲದೆ ಮುಂದೆ ಸರಿಯುತ್ತದೆ. ಹುಡುಗ ಅದನ್ನೇ ಮತ್ತೆ ಮತ್ತೆ ಮಾಡಿಸಿ ನೋಡಿದ. ಡಬ್ಬ ಬೆಚ್ಚಗಾಯಿತು ಅಷ್ಟೇ. ಮಕ್ಕಳಿಗೆ ಒಂದನೇ ಮೋಡ್, ಗಂಟೆಗೆ 12 ಕಿಲೋಮೀಟರ್ ದಾಟದ ಹಾಗೆ. ರಿವರ್ಸ್ ಅದಕ್ಕಿಂತಲೂ ನಿಧಾನ.

ಇಳಿಯುವಾಗಿನ ಲೆಕ್ಕ

ಈ ಕಂಟ್ರೋಲರ್‌ನಲ್ಲಿ ರೀಜೆನ್ ಇದೆ. ಇಳಿಯುವಾಗ ಮೋಟಾರೇ ಡೈನಮೋ ಆಗಿ ಬ್ಯಾಟರಿಗೆ ಕರೆಂಟ್ ವಾಪಸ್ ಕೊಡುತ್ತದೆ. ಹುಡುಗನಿಗೆ ಇದರ ಮೇಲೆ ಬಹಳ ಆಸೆ, ಇಳಿದಷ್ಟೂ ಚಾರ್ಜ್ ಅಂತ. ಲೆಕ್ಕ ಹಾಕಿ ತೋರಿಸಿದೆ. 170 ಕೆಜಿ 15 ಮೀಟರ್ ಇಳಿದರೆ ಒಟ್ಟು ಸಿಗುವ ಶಕ್ತಿಯೇ 7 ವ್ಯಾಟ್ ಅವರ್, ಒಂದು ಚೂರೂ ಪೋಲಾಗದೆ ಬಂದರೆ. ಬ್ಯಾಟರಿ 2000 ವ್ಯಾಟ್ ಅವರಿನದು. ಬ್ರೇಕ್ ಪ್ಯಾಡ್ ಉಳಿಯುತ್ತದೆ, ಅದೊಂದು ಲಾಭ.

ಅಪಾಯ ಮಾತ್ರ ನಿಜವಾದದ್ದು. ಚಾರ್ಜಿಂಗ್ ಪಾಯಿಂಟ್ ಇದ್ದದ್ದು ಬಂಗಲೆಯ ಗ್ಯಾರೇಜಿನಲ್ಲಿ, ಅಂದರೆ ಏರಿನ ತುದಿಯಲ್ಲಿ. ರಾತ್ರಿ ಪೂರ್ತಿ ಚಾರ್ಜ್ ಮಾಡಿ ಬೆಳಿಗ್ಗೆ ಹೊರಟರೆ ಮೊದಲ ಓಟವೇ ಇಳಿಜಾರು. ತುಂಬಿದ ಬ್ಯಾಟರಿಗೆ ಇನ್ನೂ ಕರೆಂಟ್ ತುರುಕಿದರೆ, ಸೆಲ್‌ಗಳನ್ನು ಕಾಯುವ ಬಿಎಂಎಸ್ ಸರ್ಕ್ಯೂಟ್ ಬ್ಯಾಟರಿಯನ್ನು ಬಿಡಿಸುತ್ತದೆ. ಆಗ ಮೋಟಾರ್ ಕೊಡುತ್ತಿರುವ ಕರೆಂಟಿಗೆ ಹೋಗಲು ಜಾಗ ಇಲ್ಲ, ಕಂಟ್ರೋಲರ್ ಒಳಗೆ ವೋಲ್ಟೇಜ್ ಒಮ್ಮೆಲೇ ಮೇಲೇರುತ್ತದೆ. ಕೆಪಾಸಿಟರ್, ಮಾಸ್ಫೆಟ್ ಎರಡಕ್ಕೂ ಕಷ್ಟ. ಅದೇ ಗಳಿಗೆಯಲ್ಲಿ ಹಿಡಿದಿದ್ದ ರೀಜೆನ್ ಬ್ರೇಕ್ ಕೂಡ ಬಿಟ್ಟುಹೋಗುತ್ತದೆ, ಅದೂ ಇಳಿಜಾರಿನಲ್ಲಿ.

ಎರಡು ಬದಲಾವಣೆ ಮಾಡಿದೆವು. ರೀಜೆನ್ ಮಿತಿಯನ್ನು 10 ಆಂಪಿಗೆ ಇಳಿಸಿದೆವು. ಚಾರ್ಜರನ್ನು ಕಣದ ಪಕ್ಕದ ಪಂಪ್‌ಹೌಸಿಗೆ ತಂದೆವು. ಈಗ ಚಾರ್ಜ್ ಆದ ಮೇಲಿನ ಮೊದಲ ಓಟ ಕಣದ ಮೇಲೆ ಅಥವಾ ಏರಿನ ಕಡೆಗೆ. ಗಾಡಿ ನಿಲ್ಲಿಸುವುದಕ್ಕೆ ಆ್ಯಕ್ಸಲ್‌ನ ಡಿಸ್ಕ್ ಬ್ರೇಕೇ ಗತಿ. ಚೈನ್ ಕಳಚಿದರೆ ರೀಜೆನ್ ಇಲ್ಲ ಅಂತ ಹುಡುಗನಿಗೂ ತಂಗಿಗೂ ಹೇಳಿದ್ದೇನೆ. ತೋಟದ ಗೇಟು ದಾಟಿ ಟಾರ್ ರಸ್ತೆಗೆ ತರಬಾರದು ಅಂತಲೂ. ನೋಂದಣಿ ಇಲ್ಲದ ಗಾಡಿ ಅದು.

ಇನ್ನೂ ಬಾಕಿ ಇರುವುದು ಮೋಟಾರಿನ ಬಿಸಿ. ಕಂಟ್ರೋಲರ್ ಈಗ ತನ್ನನ್ನು ಕಾಯ್ದುಕೊಳ್ಳುತ್ತದೆ, ಮೋಟಾರನ್ನು ಅಲ್ಲ. ಏರಿಗೆ ಬೇಕಾದ 53 ಆಂಪ್ ಅಂದರೆ ರೇಟೆಡ್ ಆಂಪಿನ ಎರಡು ಪಟ್ಟಿಗೂ ಜಾಸ್ತಿ. ಒಂದು ಸಲ ಹತ್ತಲು ಮುಕ್ಕಾಲು ನಿಮಿಷ, ಅಷ್ಟಕ್ಕೆ ತೊಂದರೆ ಇಲ್ಲ. ನೆಂಟರ ಮಕ್ಕಳು ಬಿಡುವಿಲ್ಲದೆ ಹತ್ತಿಳಿದರೆ ಕಥೆ ಬೇರೆ. ಸ್ಟೇಟರಿನಲ್ಲಿ ಅಂಟಿಸಿದ ಹಾಲ್ ಸೆನ್ಸರ್‌ಗಳು ಮೊದಲು ಹೋಗುತ್ತವೆ. ಈ ಕಂಟ್ರೋಲರ್‌ಗೆ ಮೋಟಾರಿನ ಬಿಸಿ ಅಳೆಯುವ ಥರ್ಮಿಸ್ಟರ್ ಜೋಡಿಸುವ ಪಿನ್ ಇದೆ. ಡಿಸೆಂಬರಿನಲ್ಲಿ ಕಾಫಿ ಕೊಯ್ಲು ಶುರುವಾದರೆ ಕಣದ ತುಂಬಾ ಕಾಫಿ, ಕಾರ್ಟಿಗೆ ಜಾಗ ಇರುವುದಿಲ್ಲ. ಆಗ ಮೋಟಾರ್ ನನ್ನ ಅಂಗಡಿಗೆ ಬರಲಿದೆ. ವೈಂಡಿಂಗಿನ ಮಧ್ಯೆ ಥರ್ಮಿಸ್ಟರ್ ಕೂರಿಸಿ, ವಾರ್ನಿಷ್ ಹೊಯ್ದು, ಬೇರಿಂಗ್ ಬದಲಾಯಿಸಿ ಕೊಡಬೇಕು. ಅಷ್ಟರವರೆಗೆ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ, ಕಾಂಟ್ಯಾಕ್ಟರ್ ಬಿಡಿಸಿ ಇಡಿ ಅಂತ ಗೌಡ್ರಿಗೆ ಹೇಳಿದ್ದೇನೆ.